ಹುಲಿ ನೋಡಲು ಹೊರಟವರು

ದೆಹಲಿಯ ಕನ್ನಡಿಗನಿಗೆ ರಜೆಯೆಂದರೆ ಊರು. ಎರಡು ರಾತ್ರಿ ರೈಲಿನಲ್ಲಿ ಕುಳಿತು ಹೋಗುವುದು, ಮದುವೆ ಜಾತ್ರೆಗಳಲ್ಲಿ ಉಂಡು, ರಾಗಿಹಿಟ್ಟು ಉಪ್ಪಿನಕಾಯಿಗಳ ಗಂಟಿನೊಡನೆ ಮರಳುವುದು. ಆರ್.ಕೆ.ಪುರಂಗೆ ಬಂದು ಇಪ್ಪತ್ತು ವರ್ಷಗಳಾದರೂ ನಮ್ಮ ಸಂಸಾರ ಬೇರೆ ಪ್ರವಾಸವನ್ನೇ ಕಂಡಿರಲಿಲ್ಲ. 2024ರ ಮೇ ತಿಂಗಳಲ್ಲಿ ಮಕ್ಕಳಿಬ್ಬರೂ ಹಟ ಹಿಡಿದರು, ಹುಲಿಯನ್ನು ನೋಡಲೇಬೇಕೆಂದು. ಆಗ ಹೆಗ್ಗಡದೇವನಕೋಟೆಯ ಕಡೆಯಿಂದ ಅವ್ವ ಬಂದಿದ್ದಳು.

“ದುಡ್ಡು ಕೊಟ್ಟು ಹುಲಿ ನೋಡಕ್ಕೆ ಹೋಯ್ತಾರಾ? ನಮ್ಮೂರಲ್ಲಿ ಅದೇ ಕೊಟ್ಟಿಗೆಗೆ ಬತ್ತಿತ್ತು” ಎಂದಳು. ಆದರೂ ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕುಳಿತವಳು ಅವಳೇ.

ಗಢಮುಕ್ತೇಶ್ವರದಲ್ಲಿ ಗಂಗೆಯನ್ನು ದಾಟಿ, ಮೊರಾದಾಬಾದ್, ಕಾಶೀಪುರಗಳ ಮಾರ್ಗವಾಗಿ ರಾಮನಗರಕ್ಕೆ ಸುಮಾರು 250 ಕಿಲೋಮೀಟರು. ಧನಗಢಿ ಗೇಟಿನಿಂದ ಢಿಕಾಲಾದ ಅರಣ್ಯ ಬಂಗಲೆಗೆ ಮತ್ತೆ 30 ಕಿಲೋಮೀಟರಿನಷ್ಟು ಕಾಡುದಾರಿ. ಬಂಗಲೆಯಲ್ಲಿ ಸಿಕ್ಕುವುದು ಸಸ್ಯಾಹಾರ ಮಾತ್ರ. ಕೋಳಿಸಾರಿನ ಆಸೆಯುಳ್ಳವರು ಅದನ್ನು ರಾಮನಗರದಲ್ಲೇ ತೀರಿಸಿಕೊಳ್ಳತಕ್ಕದ್ದು. ಮಳೆಗಾಲದಲ್ಲಿ ಢಿಕಾಲಾ ಮುಚ್ಚಿರುತ್ತದೆ.

ಈ ಕಾಡಿಗೂ ನಮ್ಮ ನಾಡಿಗೂ ಒಂದು ನಂಟುಂಟು. 1936ರಲ್ಲಿ ಭಾರತದ ಮೊದಲ ರಾಷ್ಟ್ರೀಯ ಉದ್ಯಾನವಾಗಿ, ಪ್ರಾಂತದ ಗವರ್ನರರಾಗಿದ್ದ ಹೇಲಿಯವರ ಹೆಸರಿನಲ್ಲಿ ಹುಟ್ಟಿದ ಇದಕ್ಕೆ ಜಿಮ್ ಕಾರ್ಬೆಟ್ಟರ ಹೆಸರು ಬಂದದ್ದು ಅವರು ತೀರಿಕೊಂಡ ಮೇಲೆ. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾದದ್ದು ಇದೇ ಢಿಕಾಲಾದಲ್ಲಿ. ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದಾಗಿತ್ತು.

ಬೆಳಗ್ಗೆ ತೆರೆದ ಜೀಪಿನಲ್ಲಿ ಹೊರಟೆವು. ನೆಟ್ಟಗೆ ನಿಂತ ಸಾಲ ಮರಗಳು. ತೇಗ, ಬಿದಿರು ಕಂಡಿದ್ದ ಅವ್ವನಿಗೆ ಅವು ಹೊಸವು. ಗೈಡ್ “ಸಾಂಬರ್” ಎಂದಾಗ ಅವ್ವ “ಕಡವೆ ಕಣ್ರೋ” ಎಂದು ಮಕ್ಕಳನ್ನು ತಿದ್ದಿದಳು. “ಕಾಟಿ ಎಲ್ಲಿ?” ಎಂದು ಕೇಳಿದಳು, ಈ ಕಾಡಿನಲ್ಲಿ ಕಾಟಿಯಿಲ್ಲ. ಹುಲ್ಲಿನಲ್ಲಿ ತಲೆ ತಗ್ಗಿಸಿ ನುಗ್ಗಿದ ಗಿಡ್ಡ ಜಿಂಕೆಯೊಂದನ್ನು ಗೈಡ್ “ಪಾಡಾ” ಎಂದನು. ಕರ್ನಾಟಕದಲ್ಲಿ ಆ ಪ್ರಾಣಿಯೇ ಇಲ್ಲ. “ಹಂದಿ ಓಡ್ದಂಗೆ ಓಡ್ತದೆ, ಹಂದಿಜಿಂಕೆ ಅನ್ನಿ” ಎಂದಳು ಅವ್ವ. ಇಂಗ್ಲಿಷಿನವರೂ ಹಂದಿಯ ಹೆಸರನ್ನೇ ಇಟ್ಟಿದ್ದಾರೆಂದು ಗೈಡ್ ಹೇಳಿದ ಮೇಲೆ ಮೊಮ್ಮಕ್ಕಳಿಗೆ ಅಜ್ಜಿಯ ಮೇಲಿದ್ದ ಗೌರವ ಒಂದು ಮೊಳ ಏರಿತು. ಹುಲಿಯ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ: ಕಂಡದ್ದು ಮಣ್ಣಿನ ಮೇಲಿನ ಹೆಜ್ಜೆಯಷ್ಟೇ.

ಸಂಜೆ ಹುಲ್ಲುಗಾವಲಿನ ಆಚೆ, ರಾಮಗಂಗಾ ಜಲಾಶಯದ ಅಂಚಿಗೆ ಬಂದೆವು. ನೀರು ಇಳಿದ ನೆಲದಲ್ಲಿ ಎಳೆಹುಲ್ಲು ಚಿಗುರಿತ್ತು. ಆನೆಗಳ ದೊಡ್ಡ ಹಿಂಡು, ಮರಿಗಳೊಡನೆ, ನಿಶ್ಚಿಂತೆಯಿಂದ ಮೇಯುತ್ತಿತ್ತು. ಮಕ್ಕಳು ಎಣಿಸತೊಡಗಿದರು. ಅವ್ವ ಎಣಿಸಲಿಲ್ಲ.

“ಇಲ್ಲೂವೆ ಕಟ್ಟೆ ಕಟ್ಟವ್ರಾ ಮಗ?”

ಹೌದೆಂದೆ. ಕಾಲಾಗಢದಲ್ಲಿ ಅಣೆಕಟ್ಟು 1974ರಲ್ಲಿ ಮುಗಿದು, ಈ ಕಣಿವೆಯ ಒಳ್ಳೆಯ ಹುಲ್ಲುಗಾವಲೆಲ್ಲ ನೀರಿನ ಪಾಲಾಯಿತೆಂದು ಗೈಡ್ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಿದೆ. ಬೀಚನಹಳ್ಳಿಯಲ್ಲಿ ಕಬಿನಿಗೆ ಕಟ್ಟಿದ ಅಣೆಕಟ್ಟು ಮುಗಿದದ್ದೂ 1974ರಲ್ಲೇ. ಅದರ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ನಮ್ಮದೂ ಒಂದು. ನಾನು ಹುಟ್ಟಿದ್ದು ಆಮೇಲೆ, ಹೊಸ ಊರಿನಲ್ಲಿ. ಹಳೆಯ ಊರಿನ ವಿಷಯ ಅವ್ವ ಹೇಳಿದವಳಲ್ಲ, ನಾನು ಕೇಳಿದವನೂ ಅಲ್ಲ. ಬೇಸಗೆಯಲ್ಲಿ ಕಬಿನಿಯ ಹಿನ್ನೀರು ಇಳಿದಾಗ ನೂರಾರು ಆನೆಗಳು ಅಲ್ಲಿ ಸೇರುತ್ತವೆಂದೂ, ಅದನ್ನು ನೋಡಲು ದೇಶವಿದೇಶಗಳಿಂದ ಜನ ಬರುತ್ತಾರೆಂದೂ ಪತ್ರಿಕೆಗಳಲ್ಲಿ ಓದಿ ನಾನೂ ಸಂತೋಷಪಟ್ಟವನೇ. ಅವು ಮೇಯುವುದು ಯಾರ ಹೊಲದಲ್ಲಿ ಎಂದು ಯೋಚಿಸಿರಲಿಲ್ಲ.

“ಅಜ್ಜಿ, ನಿಮ್ಮ ಮನೆ ಎಲ್ಲಿತ್ತು?” ಎಂದಳು ಮಗಳು.

ಅವ್ವ ಜೀಪಿನ ಕಂಬಿ ಹಿಡಿದು ಎದ್ದುನಿಂತಳು. “ಅಗೋ, ಆ ಒಂಟಿ ಆನೆ ನಿಂತದಲ್ಲ, ಅಲ್ಲಿ ನಮ್ಮ ಮನೆ ಅಂದ್ಕೊ. ಮರಿ ಇರೋ ತಾವು ಕಣ. ಹಿಂದ್ಗಡೆ ಮಾರಮ್ಮನ ಗುಡಿ. ನೀರಿನ ಅಂಚಿಗೆ ನಿಮ್ಮ ತಾತನ ರಾಗಿ ಹೊಲ…”

ಆನೆಗಳು ನಡೆದಂತೆಲ್ಲ ಊರು ಜರುಗುತ್ತಿತ್ತು. ಮಗ ಎದ್ದು, “ಅಜ್ಜಿ, ಗುಡಿ ನೀರಿಗೆ ಇಳೀತು!” ಎಂದು ಕೂಗಿದ, ಅವ್ವ ನಕ್ಕು, ಬೇರೊಂದು ಆನೆಯನ್ನು ಗುಡಿಯ ಜಾಗಕ್ಕೆ ಗೊತ್ತುಮಾಡಿದಳು. ಕತ್ತಲಾಗುವ ಮುನ್ನ ಬಂಗಲೆ ಸೇರಬೇಕೆಂದು ಚಾಲಕ ಅವಸರಿಸಿದ. “ಬಾವಿ ತೋರಿಸ್ನಿಲ್ಲ, ತಾಳಪ್ಪ” ಎಂದಳು ಅವ್ವ, ಕನ್ನಡದಲ್ಲೇ. ಅವನಿಗೆ ಏನು ಅರ್ಥವಾಯಿತೋ, ಸ್ವಲ್ಪ ಹೊತ್ತು ಇಂಜಿನ್ ಆರಿಸಿ ಕುಳಿತ.