ವರ್ಧಕ ದೀಪ (ಮಾದರಿ ತಯಾರಿಕೆ)

'''ವರ್ಧಕ ದೀಪ'''ವು ಪೀನ ಮಸೂರವನ್ನೂ ಬೆಳಕಿನ ಆಕರವನ್ನೂ ಒಂದೇ ತೋಳಿನ ಮೇಲೆ ಜೋಡಿಸಿದ ಮೇಜುದೀಪ. ಭೂತಗನ್ನಡಿಯನ್ನು ಹಿಡಿಯಲು ಒಂದು ಕೈ ಮೀಸಲಾಗಬೇಕು. ವರ್ಧಕ ದೀಪವು ಎರಡೂ ಕೈಗಳನ್ನು ಕೆಲಸಕ್ಕೆ ಬಿಟ್ಟುಕೊಡುತ್ತದೆ. ಗಡಿಯಾರ ದುರಸ್ತಿ, ಕಸೂತಿ, ಎಲೆಕ್ಟ್ರಾನಿಕ್ಸ್ ಜೋಡಣೆ, ಚರ್ಮ ಚಿಕಿತ್ಸೆ ಮೊದಲಾದ ಕ್ಷೇತ್ರಗಳಲ್ಲಿ ಇದು ಬಳಕೆಯಲ್ಲಿದೆ. ವಿಮಾನ, ಹಡಗು, ರೈಲು ಮುಂತಾದವುಗಳ ಕಿರುಮಾದರಿಗಳನ್ನು ಹವ್ಯಾಸವಾಗಿ ತಯಾರಿಸುವವರಿಗೂ ಇದು ಮುಖ್ಯ ಉಪಕರಣ. ದೀಪವನ್ನು ಆಯ್ಕೆಮಾಡುವಾಗ ವರ್ಧನೆಯ ಅಂಕಿಯೊಂದನ್ನೇ ನೋಡುವುದು ಸಾಮಾನ್ಯ ತಪ್ಪು. ಮಸೂರದ ಕೆಳಗೆ ಕೈಯಾಡಿಸಲು ದೊರೆಯುವ ಸ್ಥಳ ಮತ್ತು ಬೆಳಕಿನ ಗುಣಮಟ್ಟ ಅಷ್ಟೇ ಮುಖ್ಯವಾದವು.

== ಅಗತ್ಯ ==

ಪ್ಲಾಸ್ಟಿಕ್ ವಿಮಾನ ಮಾದರಿಗಳಲ್ಲಿ 1:72 ಬಹಳ ಪ್ರಚಲಿತವಾದ ಅಳತೆ. ಇದರಲ್ಲಿ 1.75 ಮೀಟರ್ ಎತ್ತರದ ಮನುಷ್ಯನ ಆಕೃತಿ ಸುಮಾರು 24 ಮಿ.ಮೀ. ಆಗುತ್ತದೆ. ಅವನ ತಲೆ ಸುಮಾರು 3 ಮಿ.ಮೀ., ಕಣ್ಣಿನ ಅಗಲ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಎನ್ ಅಳತೆಯ (1:160) ರೈಲು ಮಾದರಿಯಲ್ಲಿ ಅದೇ ಮನುಷ್ಯ ಕೇವಲ 11 ಮಿ.ಮೀ. ಎತ್ತರವಿರುತ್ತಾನೆ. ಇಂತಹ ಭಾಗಗಳಿಗೆ ಬಣ್ಣ ಹಚ್ಚಲು ಬರಿಗಣ್ಣು ಸಾಲದು.

ಇದಕ್ಕೆ ವಯಸ್ಸಿನ ಕಾರಣವೂ ಸೇರುತ್ತದೆ. ನಲವತ್ತರ ನಂತರ ಕಣ್ಣಿನ ಮಸೂರದ ಸ್ಥಿತಿಸ್ಥಾಪಕ ಗುಣ ಕುಗ್ಗಿ, ಹತ್ತಿರದ ವಸ್ತುಗಳು ಮಸುಕಾಗತೊಡಗುತ್ತವೆ. ಇದನ್ನು ಪ್ರೆಸ್‌ಬಯೋಪಿಯಾ ಎನ್ನುತ್ತಾರೆ. ರೂಢಿಯಲ್ಲಿ 'ಚಾಳೀಸು ಬರುವುದು' ಎಂಬ ಮಾತಿದೆ. ವಯಸ್ಸಾದಂತೆ ಕಣ್ಣಿನ ಪಾಪೆಯೂ ಕಿರಿದಾಗುವುದರಿಂದ ಒಳಹೋಗುವ ಬೆಳಕು ತಗ್ಗುತ್ತದೆ. ಆದ್ದರಿಂದ ಹಿರಿಯ ಹವ್ಯಾಸಿಗಳಿಗೆ ವರ್ಧನೆಯ ಜೊತೆಗೆ ಹೆಚ್ಚಿನ ಬೆಳಕೂ ಬೇಕಾಗುತ್ತದೆ. ಅನೇಕರು ಕೈ ಪಳಗಿದ ಕಾಲದಲ್ಲಿಯೇ ಕಣ್ಣು ಸೋತಿತೆಂದು ಹವ್ಯಾಸವನ್ನು ಕೈಬಿಡುತ್ತಾರೆ. ತಕ್ಕ ಕನ್ನಡಕ ಮತ್ತು ತಕ್ಕ ದೀಪವಿದ್ದರೆ ಹಲವು ಸಂದರ್ಭಗಳಲ್ಲಿ ಅದನ್ನು ಮುಂದುವರಿಸಬಹುದು.

== ಮಸೂರದ ಸಾಮರ್ಥ್ಯ ==

ಮಸೂರದ ಸಾಮರ್ಥ್ಯವನ್ನು ಡಯಾಪ್ಟರ್ ಎಂಬ ಮಾನದಲ್ಲಿ ಸೂಚಿಸುತ್ತಾರೆ. ಮೀಟರಿನಲ್ಲಿ ಅಳೆದ ಸಂಗಮ ದೂರದಿಂದ 1ನ್ನು ಭಾಗಿಸಿದರೆ ಡಯಾಪ್ಟರ್ ಸಂಖ್ಯೆ ದೊರೆಯುತ್ತದೆ. ಡಯಾಪ್ಟರನ್ನು 4ರಿಂದ ಭಾಗಿಸಿ 1 ಕೂಡಿಸಿದರೆ ಬರುವ ಸಂಖ್ಯೆಯನ್ನು ವರ್ಧನೆಯೆಂದು ಪೆಟ್ಟಿಗೆಯ ಮೇಲೆ ಮುದ್ರಿಸುವುದು ವಾಡಿಕೆ.

* 3 ಡಯಾಪ್ಟರ್: ವರ್ಧನೆ 1.75 ಪಟ್ಟು, ಸಂಗಮ ದೂರ ಸುಮಾರು 33 ಸೆಂ.ಮೀ.
* 5 ಡಯಾಪ್ಟರ್: ವರ್ಧನೆ 2.25 ಪಟ್ಟು, ಸಂಗಮ ದೂರ 20 ಸೆಂ.ಮೀ.
* 8 ಡಯಾಪ್ಟರ್: ವರ್ಧನೆ 3 ಪಟ್ಟು, ಸಂಗಮ ದೂರ 12.5 ಸೆಂ.ಮೀ.
* 12 ಡಯಾಪ್ಟರ್: ವರ್ಧನೆ 4 ಪಟ್ಟು, ಸಂಗಮ ದೂರ ಸುಮಾರು 8 ಸೆಂ.ಮೀ.

ಈ ಲೆಕ್ಕವು ಕಣ್ಣು ಮಸೂರಕ್ಕೆ ತೀರ ಹತ್ತಿರವಿದ್ದು, ಬಿಂಬವು 25 ಸೆಂ.ಮೀ. ದೂರದಲ್ಲಿ ಮೂಡುವ ಸ್ಥಿತಿಗೆ ಅನ್ವಯಿಸುತ್ತದೆ. ಮೇಜಿನ ಮುಂದೆ ಕುಳಿತವನ ಕಣ್ಣು ಮಸೂರದಿಂದ ದೂರವಿರುವುದರಿಂದ ಅನುಭವಕ್ಕೆ ಬರುವ ವರ್ಧನೆ ಬೇರೆಯಾಗಿರಬಹುದು. ಹೀಗಾಗಿ ಬೇರೆ ಬೇರೆ ದೀಪಗಳನ್ನು ಹೋಲಿಸಲು ಡಯಾಪ್ಟರ್ ಸಂಖ್ಯೆಯೇ ಹೆಚ್ಚು ನಂಬಲರ್ಹ.

== ಕೆಲಸದ ದೂರ ==

ನೇರವಾದ, ದೊಡ್ಡದಾದ ಬಿಂಬ ಕಾಣಬೇಕಾದರೆ ವಸ್ತುವು ಮಸೂರದ ಸಂಗಮ ದೂರದ ಒಳಗೇ ಇರಬೇಕು. ಆದ್ದರಿಂದ ಸಾಮರ್ಥ್ಯ ಹೆಚ್ಚಿದಷ್ಟೂ ಮಸೂರವನ್ನು ಕೆಲಸದ ವಸ್ತುವಿನ ಸಮೀಪಕ್ಕೆ ತರಬೇಕಾಗುತ್ತದೆ. 3 ಡಯಾಪ್ಟರ್ ಮಸೂರದ ಕೆಳಗೆ ಕುಂಚ, ಚಿಮಟ ಮತ್ತು ಎರಡೂ ಕೈಗಳು ಸರಾಗವಾಗಿ ಆಡುತ್ತವೆ. 12 ಡಯಾಪ್ಟರ್ ಮಸೂರದ ಕೆಳಗೆ ಉದ್ದ ಹಿಡಿಯ ಕುಂಚವನ್ನು ನೆಟ್ಟಗೆ ಹಿಡಿಯುವುದೂ ಕಷ್ಟ. ಹರಿತವಾದ ಚಾಕುವಿನ ಹಿಡಿ ಮಸೂರಕ್ಕೆ ತಗುಲಿ ಅಲಗು ಬೆರಳಿನತ್ತ ಜಾರುವ ಅಪಾಯವೂ ಇದೆ.

ಸಾಮರ್ಥ್ಯದೊಂದಿಗೆ ಬೇರೆ ಗುಣಗಳೂ ಬದಲಾಗುತ್ತವೆ. ಒಮ್ಮೆಗೆ ಕಾಣುವ ಕ್ಷೇತ್ರ ಕಿರಿದಾಗುತ್ತದೆ. ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ. ಪ್ರಬಲ ಮಸೂರಗಳನ್ನು ಸಾಮಾನ್ಯವಾಗಿ ಕಡಿಮೆ ವ್ಯಾಸದಲ್ಲಿ ತಯಾರಿಸುವುದರಿಂದ ಎರಡೂ ಕಣ್ಣುಗಳಿಂದ ನೋಡುವುದು ಕಷ್ಟವಾಗುತ್ತದೆ. ಒಂದೇ ಕಣ್ಣಿನಿಂದ ನೋಡುವಾಗ ಆಳದ ಅಂದಾಜು ತಪ್ಪಿ, ಕುಂಚದ ತುದಿ ಎಲ್ಲಿ ತಗಲುವುದೆಂಬುದು ನಿಖರವಾಗಿ ತಿಳಿಯುವುದಿಲ್ಲ. ಎರಡು ಪಾಪೆಗಳ ನಡುವಿನ ಅಂತರ ವಯಸ್ಕರಲ್ಲಿ ಸುಮಾರು 6 ಸೆಂ.ಮೀ.ಗಿಂತ ತುಸು ಹೆಚ್ಚು. ಹೀಗಾಗಿ 10ರಿಂದ 13 ಸೆಂ.ಮೀ. ವ್ಯಾಸದ ಮಸೂರ ಅನುಕೂಲಕರ.

ಸಾಮಾನ್ಯ ಜೋಡಣೆ ಮತ್ತು ಬಣ್ಣದ ಕೆಲಸಕ್ಕೆ 3ರಿಂದ 5 ಡಯಾಪ್ಟರ್ ಸಾಕು. ಅಪರೂಪಕ್ಕೆ ಬರುವ ಅತಿಸೂಕ್ಷ್ಮ ಕೆಲಸಕ್ಕೆ ತಲೆಗೆ ಕಟ್ಟುವ ವರ್ಧಕ ಅಥವಾ ಗಡಿಯಾರದವರ ಕಣ್ಣುಮಸೂರವನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಲೇಸು.

== ಬೆಳಕು ==

ಹಳೆಯ ವರ್ಧಕ ದೀಪಗಳಲ್ಲಿ ಬಳೆಯಾಕಾರದ ಪ್ರತಿದೀಪ್ತಿ ಕೊಳವೆಗಳಿದ್ದವು. ಅವುಗಳಲ್ಲಿ ಪಾದರಸವಿರುತ್ತದೆ, ಹಳೆಯ ಬಗೆಯ ಚೋಕ್ ಇದ್ದರೆ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಬೆಳಕು ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಈಗ ಎಲ್‌ಇಡಿ ದೀಪಗಳು ಅವುಗಳ ಸ್ಥಾನವನ್ನು ಪಡೆದಿವೆ.

ಮಾದರಿ ತಯಾರಕನಿಗೆ ಬೆಳಕಿನ ಪ್ರಮಾಣದಂತೆ ಬಣ್ಣದ ನಿಷ್ಠೆಯೂ ಮುಖ್ಯ. ಬಣ್ಣ ನಿರೂಪಣಾ ಸೂಚ್ಯಂಕದ ಗರಿಷ್ಠ ಮಿತಿ 100. ಅದು 90 ಅಥವಾ ಹೆಚ್ಚಿರುವ ದೀಪವನ್ನು ಆರಿಸುವುದು ಉತ್ತಮ. ಹಗಲಿನ ಬೆಳಕನ್ನು ಹೋಲುವ 5000ದಿಂದ 6500 ಕೆಲ್ವಿನ್ ವರ್ಣತಾಪ ಬಣ್ಣದ ಕೆಲಸಕ್ಕೆ ಒಗ್ಗುತ್ತದೆ. 2700 ಕೆಲ್ವಿನ್ನಿನ ಹಳದಿ ಬೆಳಕಿನಲ್ಲಿ ಬಿಳಿ ಮತ್ತು ಕೆನೆ ಬಣ್ಣಗಳ ವ್ಯತ್ಯಾಸ ಸುಲಭವಾಗಿ ಗುರುತು ಸಿಗದು.

ಮಸೂರದ ಸುತ್ತಲಿನ ಬೆಳಕು ನೆರಳನ್ನು ಬಹುಮಟ್ಟಿಗೆ ಅಳಿಸುತ್ತದೆ. ಬಣ್ಣ ಹಚ್ಚುವಾಗ ಇದು ಅನುಕೂಲ. ಆದರೆ ಅಚ್ಚಿನ ಗೆರೆ, ಉಜ್ಜುಕಾಗದದ ಗೀರು, ಜೋಡಣೆಯ ಸಂದು ಇವು ಕಣ್ಣಿಗೆ ಬೀಳುವುದು ನೆರಳಿನಿಂದಲೇ. ಇವನ್ನು ಪರೀಕ್ಷಿಸಲು ಒಂದು ಪಾರ್ಶ್ವವನ್ನು ಮಾತ್ರ ಬೆಳಗಿಸುವ ಸೌಲಭ್ಯವಿರಬೇಕು, ಇಲ್ಲವೇ ಪಕ್ಕದಿಂದ ಓರೆಯಾಗಿ ಬೀಳುವ ಇನ್ನೊಂದು ದೀಪ ಬೇಕು.

== ಮಸೂರದ ವಸ್ತು ಮತ್ತು ತೋಳು ==

ಗಾಜಿನ ಮಸೂರ ಭಾರವಾದರೂ ಸುಲಭವಾಗಿ ಗೀರು ಬೀಳುವುದಿಲ್ಲ. ಅಕ್ರಿಲಿಕ್ ಮಸೂರ ಹಗುರ ಮತ್ತು ಅಗ್ಗ. ಆದರೆ ಒರಟು ಬಟ್ಟೆಯಿಂದಲೂ ಗೀರಾಗುತ್ತದೆ, ಅಸಿಟೋನ್ ತಗುಲಿದರೆ ಕೆಡುತ್ತದೆ. ಮಾದರಿ ತಯಾರಿಕೆಯಲ್ಲಿ ಇಂತಹ ದ್ರಾವಕಗಳ ಬಳಕೆ ಇರುವುದರಿಂದ ಗಾಜು ಹೆಚ್ಚು ಬಾಳಿಕೆ ಬರುತ್ತದೆ.

ಮಸೂರದ ಭಾರವನ್ನು ಬೇಕಾದ ಕಡೆ ನಿಲ್ಲಿಸುವುದು ತೋಳಿನ ಕೆಲಸ. ಬ್ರಿಟಿಷ್ ಎಂಜಿನಿಯರ್ ಜಾರ್ಜ್ ಕಾರ್ವರ್ಡೈನ್ 1930ರ ದಶಕದ ಆರಂಭದಲ್ಲಿ ಸ್ಪ್ರಿಂಗುಗಳಿಂದ ಸಮತೋಲನಗೊಂಡ ತೋಳಿನ ಆಂಗಲ್‌ಪಾಯ್ಸ್ ದೀಪವನ್ನು ರೂಪಿಸಿದನು. ನಾರ್ವೆಯ ಯಾಕ್ ಯಾಕೊಬ್ಸನ್ 1937ರಲ್ಲಿ ಅದರ ಆಧಾರದ ಮೇಲೆ ಲಕ್ಸೋ ಎಲ್-1 ದೀಪವನ್ನು ತಯಾರಿಸಿದನು. ಸ್ಪ್ರಿಂಗ್ ತೋಳಿನ ಇಂದಿನ ವರ್ಧಕ ದೀಪಗಳು ಇದೇ ತತ್ತ್ವವನ್ನು ಅನುಸರಿಸುತ್ತವೆ. ಮೇಜಿನ ಅಂಚಿಗೆ ಬಿಗಿಯುವ ಹಿಡಿಕೆಯುಳ್ಳ ದೀಪವು ಪೀಠದ ಮೇಲೆ ನಿಲ್ಲುವ ದೀಪಕ್ಕಿಂತ ಸ್ಥಿರ. ಕೊಳ್ಳುವ ಮೊದಲು ಮೇಜಿನ ದಪ್ಪವನ್ನು ಅಳೆದುಕೊಳ್ಳಬೇಕು.

== ಕೊಳ್ಳುವ ಮುನ್ನ ಪರೀಕ್ಷೆ ==

* ಗ್ರಾಫ್ ಕಾಗದವನ್ನು ಮಸೂರದ ಕೆಳಗಿಟ್ಟು ನೋಡಬೇಕು. ಅಂಚಿನಲ್ಲಿ ಗೆರೆಗಳು ತೀರ ಬಾಗಿದರೆ ಅಥವಾ ಬಣ್ಣದ ಅಂಚು ಕಂಡರೆ ಮಸೂರದ ಗುಣಮಟ್ಟ ಕಡಿಮೆ.
* ನಿತ್ಯ ಬಳಸುವ ಕನ್ನಡಕವನ್ನು ಧರಿಸಿಯೇ ಪರೀಕ್ಷಿಸಬೇಕು.
* ಬೆನ್ನು ಬಾಗಿಸದೆ ಕುಳಿತು, ಮಸೂರದ ಕೆಳಗೆ ಪೆನ್ನು ಹಿಡಿದು ಎರಡು ಗೆರೆ ಎಳೆದು ನೋಡಬೇಕು.
* ತೋಳನ್ನು ಪೂರ್ತಿ ಚಾಚಿ ಕೈಬಿಟ್ಟಾಗ ಅದು ಕೆಳಗೆ ಇಳಿಯಬಾರದು.

== ಸುರಕ್ಷತೆ ==

ಪೀನ ಮಸೂರವು ಬಿಸಿಲನ್ನು ಒಂದೆಡೆ ಕೇಂದ್ರೀಕರಿಸಿ ಕಾಗದ, ಬಟ್ಟೆ ಅಥವಾ ಮರಕ್ಕೆ ಬೆಂಕಿ ಹೊತ್ತಿಸಬಲ್ಲದು. ದೀಪ ಆರಿಸಿದ್ದರೂ ಈ ಅಪಾಯ ತಪ್ಪುವುದಿಲ್ಲ. ಆದ್ದರಿಂದ ವರ್ಧಕ ದೀಪವನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು. ಕೆಲಸ ಮುಗಿದೊಡನೆ ಮಸೂರದ ಮುಚ್ಚಳ ಹಾಕಬೇಕು. ಮುಚ್ಚಳವಿಲ್ಲದಿದ್ದರೆ ದಪ್ಪ ಬಟ್ಟೆಯ ಚೀಲ ಹೊದಿಸಬಹುದು. ಬಲ್ಬು ತಣಿದ ಮೇಲಷ್ಟೇ ಹೊದಿಸಬೇಕು.

ಮಸೂರವು ಮುಖವನ್ನು ಕೆಲಸದ ಸಮೀಪಕ್ಕೆ ತರುವುದರಿಂದ ಅಂಟು ಮತ್ತು ದ್ರಾವಕಗಳ ಆವಿ ಉಸಿರಿಗೆ ಸೇರುವ ಸಾಧ್ಯತೆ ಹೆಚ್ಚು, ಕೋಣೆಯಲ್ಲಿ ಗಾಳಿಯಾಡುತ್ತಿರಬೇಕು. ಆಗಾಗ ದೂರದ ವಸ್ತುವನ್ನು ನೋಡಿ ಕಣ್ಣಿಗೆ ವಿಶ್ರಾಂತಿ ಕೊಡುವುದು ಒಳ್ಳೆಯದು. ವರ್ಧಕ ದೀಪವು ಕಣ್ಣಿನ ಪರೀಕ್ಷೆಗೆ ಬದಲಿಯಲ್ಲ. ಪೊರೆ, ಗ್ಲಾಕೋಮಾ ಮುಂತಾದ ತೊಂದರೆಗಳಿಂದಲೂ ದೃಷ್ಟಿ ಮಂದವಾಗಬಹುದು. ಹಿಂದೆ ಸಾಕಾಗುತ್ತಿದ್ದ ದೀಪ ಈಗ ಸಾಲದೆಂದು ತೋರಿದರೆ, ಹೆಚ್ಚು ಸಾಮರ್ಥ್ಯದ ಮಸೂರವನ್ನು ಕೊಳ್ಳುವ ಮೊದಲು ನೇತ್ರವೈದ್ಯರನ್ನು ಕಾಣಬೇಕು.