ಯುದ್ಧವಿಮಾನವಿಲ್ಲದ ವಾಯುನೆಲೆ

ಶಿಕಾರಿಪುರ, ಸೊರಬದ ಕಡೆ ನಸುಕಿನಲ್ಲೇ ಓಡುವ ಹುಡುಗರೆಲ್ಲ ಮೈ ಇಳಿಸಲು ಹೊರಟವರಲ್ಲ. ಕೆಲವರ ಲೆಕ್ಕ ಬೇರೆಯೇ ಇದೆ: 1.6 ಕಿ.ಮೀ. ಓಟ 7 ನಿಮಿಷದೊಳಗೆ ಮುಗಿಯಬೇಕು. ಆಮೇಲೆ ನಿಮಿಷಕ್ಕೆ 10 ದಂಡ, 20 ಬಸ್ಕಿ. ಇದು ವಾಯುಪಡೆಯ ಅಗ್ನಿವೀರರಿಗೆ ನಡೆಸುವ ದೈಹಿಕ ಪರೀಕ್ಷೆ. ಲಿಖಿತ ಪರೀಕ್ಷೆ, ವೈದ್ಯಕೀಯ ತಪಾಸಣೆಗಳನ್ನೂ ದಾಟಿದವರು ಟ್ರಂಕು ಹಿಡಿದು ಹೋಗುವುದು ದೂರದ ದೆಹಲಿಗಲ್ಲ. ಆನವಟ್ಟಿ, ಹಾನಗಲ್, ಹುಬ್ಬಳ್ಳಿ ಮೇಲೆ ಹಾದು ಬೆಳಗಾವಿ ಪಕ್ಕದ ಸಾಂಬ್ರಾಕ್ಕೆ.

ಬಾಗಲಕೋಟೆ ರಸ್ತೆಯಲ್ಲಿರುವ ಈ ಊರಲ್ಲಿ ವಿಮಾನ ನೆಲೆ ಎದ್ದದ್ದು 1942ರಲ್ಲಿ. ಬರ್ಮಾದಲ್ಲಿ ಯುದ್ಧ ಕಾವೇರಿತ್ತು, ಬ್ರಿಟಿಷರ ರಾಯಲ್ ಏರ್‌ಫೋರ್ಸ್‌ಗೆ ತರಬೇತಿಗೊಂದು ಜಾಗ ಬೇಕಿತ್ತು. ಸಾಂಬ್ರಾ ನಿಜವಾದ ಕಾಳಗಕ್ಕೆ ಇಳಿದದ್ದು ಮಾತ್ರ ಗೋವಾ ವಿಮೋಚನೆಯಲ್ಲಿ. 1961ರ ಡಿಸೆಂಬರ್ 18ರಂದು ಇಲ್ಲಿಂದ ಹಾರಿದ ಆರು ಹಂಟರ್ ವಿಮಾನಗಳು ಬಾಂಬೋಲಿಮ್‌ನ ನಿಸ್ತಂತು ಕೇಂದ್ರಕ್ಕೆ ರಾಕೆಟ್ ಬಿಟ್ಟು ಪೋರ್ಚುಗೀಸರ ಬಾಯಿ ಕಟ್ಟಿದವು. ಪುಣೆಯಿಂದ ಹೋದ ಕ್ಯಾನ್‌ಬೆರಾಗಳು ದಾಬೋಲಿಮ್ ರನ್‌ವೇ ಮೇಲೆ ಬಾಂಬ್ ಸುರಿದವು. ಮರುದಿನವೇ ಗೋವಾ ಶರಣಾಯಿತು.

ಇಂದು ಸಾಂಬ್ರಾದಲ್ಲಿ ಯುದ್ಧವಿಮಾನಗಳ ಸ್ಕ್ವಾಡ್ರನ್ ಇಲ್ಲ. ಇರುವುದು ಏರ್‌ಮೆನ್ ಟ್ರೈನಿಂಗ್ ಸ್ಕೂಲ್. ನನ್ನ ಮಟ್ಟಿಗೆ ಇದು ಕಡಿಮೆ ಮಾತಲ್ಲ. ಒಬ್ಬ ಪೈಲಟ್ ಮೇಲೇರಬೇಕಾದರೆ ಇಂಧನ ತುಂಬುವವರು, ಎಂಜಿನ್ ನೋಡುವವರು, ರೇಡಾರ್ ಮುಂದೆ ಕೂರುವವರು ಎಷ್ಟೋ ಜನ ಕೆಳಗಿರಬೇಕು. ಪತ್ರಿಕೆಯ ಫೋಟೊದಲ್ಲಿ ಇವರು ಕಾಣುವುದಿಲ್ಲ. ಮನೆಯಲ್ಲಿ ಅಮ್ಮ ಕರೆದರೂ ಏಳದ ಹುಡುಗ ಇಲ್ಲಿ ಬೆಳಕು ಹರಿಯುವ ಮೊದಲೇ ಗಡ್ಡ ಹೆರೆದು, ಬೂಟಿಗೆ ಹೊಳಪು ಕೊಟ್ಟು, ಹಾಸಿಗೆ ಸುಕ್ಕಿಲ್ಲದಂತೆ ಮಡಿಸಿಟ್ಟು ಸಾಲಿನಲ್ಲಿ ನಿಂತಿರಬೇಕು. ಪರೇಡ್ ಮೈದಾನ, ಗುಂಡು ಹಾರಿಸುವ ರೇಂಜ್, ತರಗತಿ, ಬ್ಯಾರಕ್: ದಿನವೆಲ್ಲ ಇವುಗಳ ನಡುವಿನ ಓಡಾಟ. 2023ರಲ್ಲಿ ಯುವತಿಯರ ಮೊದಲ ತಂಡವೂ ಇಲ್ಲಿಂದ ತರಬೇತಿ ಮುಗಿಸಿ ಹೊರಬಂತು.

 

ಅಗ್ನಿವೀರರ ಸೇವೆ ನಾಲ್ಕು ವರ್ಷ. ಆಮೇಲೆ ಕಾಯಂ ಆಗುವುದು ಹೆಚ್ಚೆಂದರೆ ಶೇ 25 ಮಂದಿ. ಉಳಿದವರು ಸೇವಾನಿಧಿಯ ಇಡಿಗಂಟು ಹಿಡಿದು ಊರಿಗೆ ಮರಳಬೇಕು. 'ಪಿಂಚಣಿ ಇಲ್ವಂತಲ್ಲ' ಎಂದು ಹಿರಿಯರು ಗೊಣಗುವುದರಲ್ಲಿ ತಪ್ಪೇನಿಲ್ಲ. ಅದಕ್ಕೂ ಮುಂಚಿನ ತೊಡಕು ಇನ್ನೊಂದಿದೆ: ಪಿಯುಸಿಯಲ್ಲಿ ಒಟ್ಟು ಶೇ 50 ಬಂದರೆ ಸಾಲದು, ಇಂಗ್ಲಿಷಿನಲ್ಲೂ ಶೇ 50 ಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗರು ಮೈದಾನಕ್ಕಿಳಿಯುವ ಮೊದಲು ಈ ಅಂಕಪಟ್ಟಿಯನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.