ಬಲಮುರಿ, ಎಡಮುರಿ: ವೃತ್ತೀಯ ಧ್ರುವೀಕರಣದ ಪರಿಭಾಷೆ

ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಕಾವೇರಿಯ ದಡದ ಬಲಮುರಿ, ಎಡಮುರಿಗಳು ವಿಹಾರಸ್ಥಳಗಳೆಂದೇ ಹೆಚ್ಚು ಪರಿಚಿತ. ಪರಿಭಾಷೆಯ ದೃಷ್ಟಿಯಿಂದ ಈ ಹೆಸರುಗಳಿಗೆ ಬೇರೊಂದು ಮಹತ್ವವಿದೆ. ‘ಮುರಿ’ ಎಂಬುದಕ್ಕೆ ತುಂಡರಿಸು ಎಂಬ ಅರ್ಥವಲ್ಲದೆ ತಿರುಗು, ಸುತ್ತು ಎಂಬ ಅರ್ಥವೂ ಉಂಟು. ಶಂಖಕ್ಕೂ ಗಣಪತಿಯ ಸೊಂಡಿಲಿಗೂ ಸಲ್ಲುವುದು ಇದೇ. ತಿರುಗುವಿಕೆಯ ಎಡಬಲಗಳನ್ನು ಒಂದೊಂದೇ ಪದದಲ್ಲಿ ಹಿಡಿಯುವ ಈ ಜೋಡಿ ಖಗೋಳವಿಜ್ಞಾನದ ಬರವಣಿಗೆಗೆ ಒದಗಬಲ್ಲದು.

ಕೆಲವು ಗೆಲಾಕ್ಸಿಗಳ ಕೇಂದ್ರದಲ್ಲಿರುವ ಕಪ್ಪುಕುಳಿಯ ಸಮೀಪದಿಂದ ದ್ರವ್ಯವು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಚಿಮ್ಮುತ್ತದೆ. ಈ ಚಿಲುಮೆಗಳಲ್ಲಿ ಕಾಂತಕ್ಷೇತ್ರದ ಸುತ್ತ ಸುರುಳಿಯಾಗಿ ಚಲಿಸುವ ಎಲೆಕ್ಟ್ರಾನುಗಳು ರೇಡಿಯೋ ಅಲೆಗಳನ್ನು ಸೂಸುತ್ತವೆ. ಇವುಗಳ ಧ್ರುವೀಕರಣ ಪ್ರಧಾನವಾಗಿ ರೇಖೀಯವಾದುದು. ಎಂದರೆ ಅಲೆಯ ವಿದ್ಯುತ್ ಕ್ಷೇತ್ರವು ಒಂದೇ ರೇಖೆಯಲ್ಲಿ ತುಯ್ಯುತ್ತದೆ. ಅಲೆಯು ಚಿಲುಮೆಯೊಳಗೆ ಮುಂದೆ ಸಾಗುವಾಗ ಅಲ್ಲಿನ ಪ್ಲಾಸ್ಮಾ ಅದರ ಎರಡು ಘಟಕಗಳಲ್ಲಿ ಒಂದನ್ನು ತುಸು ಹಿಂದುಳಿಸುತ್ತದೆ. ಆಗ ಕ್ಷೇತ್ರವು ತುಯ್ಯುವುದರ ಜೊತೆಗೆ ತಿರುಗತೊಡಗುತ್ತದೆ. ಇದು ವೃತ್ತೀಯ ಧ್ರುವೀಕರಣ. ಕನ್ಯಾ ರಾಶಿಯ 3ಸಿ 279 ಎಂಬ ಕ್ವೇಸಾರಿನಲ್ಲಿ ಇದರ ಪ್ರಮಾಣ ಸುಮಾರು ಶೇ. 1 ಎಂದು ವಾರ್ಡಲ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ಇಷ್ಟು ಅಲ್ಪ ಪ್ರಮಾಣವನ್ನೇ ಆಧರಿಸಿ, ಚಿಲುಮೆಯಲ್ಲಿ ಎಲೆಕ್ಟ್ರಾನುಗಳ ಜೊತೆಗಿರುವುದು ಪ್ರಧಾನವಾಗಿ ಪ್ರೋಟಾನುಗಳಲ್ಲ, ಪಾಸಿಟ್ರಾನುಗಳು ಎಂಬ ವಾದವನ್ನೂ ಮಂಡಿಸಿದರು. ಅದು ಎಲ್ಲರೂ ಒಪ್ಪಿದ ಮಾತಲ್ಲ. ಕರ್ನಾಟಕದಲ್ಲಿ ಗೌರಿಬಿದನೂರಿನ ವೀಕ್ಷಣಾಲಯವು ಸೂರ್ಯನ ರೇಡಿಯೋ ಸ್ಫೋಟಗಳಲ್ಲಿ ಇದೇ ಗುಣವನ್ನು ಅಳೆದು, ಸೂರ್ಯನ ಕರೋನದ ಕಾಂತಕ್ಷೇತ್ರವನ್ನು ಅಂದಾಜು ಮಾಡಿದೆ.

‘ಧ್ರುವೀಕರಣ’ವೆಂದೊಡನೆ ಪತ್ರಿಕೆ ಓದುವವರಿಗೆ ‘ಮತಗಳ ಧ್ರುವೀಕರಣ’ ನೆನಪಾಗುವುದು ಸಹಜ. ಅಲೆಯಲ್ಲಿ ಬಣಗಳೂ ಇಲ್ಲ, ಧ್ರುವಗಳೂ ಇಲ್ಲ. ಆದರೂ ಪಠ್ಯಗಳಲ್ಲಿ ನೆಲೆಯೂರಿದ ಪದವನ್ನು ಕದಲಿಸುವ ಅಗತ್ಯ ಕಾಣುವುದಿಲ್ಲ. ನಿಜವಾದ ತೊಡಕು ಎಡಬಲಗಳದು. ತನ್ನೆಡೆಗೆ ಬರುವ ಅಲೆಯು ಗಡಿಯಾರದ ಮುಳ್ಳಿನಂತೆ ತಿರುಗುವುದನ್ನು ಕಂಡವನು, ದ್ಯುತಿವಿಜ್ಞಾನದ ಹಳೆಯ ರೂಢಿಯಂತೆ ಅದನ್ನು ‘ಬಲ’ ಎನ್ನುತ್ತಾನೆ. 1973ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಅಂಗೀಕರಿಸಿದ ರೇಡಿಯೋ ಖಗೋಳದ ನಿಯಮದಂತೆ ಅದೇ ಅಲೆ ‘ಎಡ’. ಅನುವಾದಕನು ಈ ಭೇದವನ್ನು ಗಮನಿಸದಿದ್ದರೆ ಕನ್ನಡದ ಓದುಗನು ಕಾಂತಕ್ಷೇತ್ರದ ದಿಕ್ಕನ್ನೇ ತಲೆಕೆಳಗಾಗಿ ಗ್ರಹಿಸುವ ಸಾಧ್ಯತೆಯುಂಟು.

ಶಂಖದ ವಿಷಯದಲ್ಲಿಯೂ ಇಂಥದೇ ಗೊಂದಲವಿದೆ. ಪೂಜೆಗೆ ಶ್ರೇಷ್ಠವೆನ್ನಲಾದ ಬಲಮುರಿ ಶಂಖವನ್ನು ಜೀವಶಾಸ್ತ್ರಜ್ಞರು ಎಡಸುರುಳಿಯದೆಂದು ವರ್ಗೀಕರಿಸುತ್ತಾರೆ. ಇಬ್ಬರೂ ಶಂಖವನ್ನು ಹಿಡಿದು ನೋಡುವ ಬಗೆ ತಲೆಕೆಳಗು. ಗಣಪತಿಯ ಸೊಂಡಿಲಾದರೋ ಮೂರ್ತಿಯ ಬಲಕ್ಕೆ ತಿರುಗಿದರೆ ಬಲಮುರಿ. ಎದುರು ನಿಂತ ಭಕ್ತನಿಗೆ ಅದು ಎಡ. ಆದ್ದರಿಂದ ‘ಬಲಮುರಿ ಅಲೆ’ ಎಂಬ ಪದವನ್ನು ಬಳಸುವ ಲೇಖಕರು ಮೊದಲ ಸಲವೇ, ನೋಡುವವನೆಡೆಗೆ ಬರುತ್ತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುವ ಅಲೆಯೆಂದು ಅದನ್ನು ವಿವರಿಸಬೇಕಾಗುತ್ತದೆ.